ಜಂಪ್ ರೇಸ್‌ಗಳ ವಿಶ್ಲೇಷಣೆಗೆ ಸೆಕ್ಷನಲ್ ಟೈಮಿಂಗ್ ಎಷ್ಟರಮಟ್ಟಿಗೆ ನೆರವಾಗುತ್ತದೆ?

ಬೆಂಗಳೂರಿನ ರೇಸ್‌ಗಳಲ್ಲಿ ಕೊನೆಯ 600 ಮೀಟರಿನ ಸಮಯ (ಓಟದ ಇಂಥ ಒಂದು ಭಾಗದ ಸಮಯವೇ ಸೆಕ್ಷನಲ್) ನೋಡಿ ಕುದುರೆಯನ್ನು ಅಳೆಯುವ ಕ್ರಮವನ್ನು ಬ್ರಿಟನ್ನಿನಲ್ಲಿ ಕುದುರೆಗಳು ತಡೆಗಳನ್ನು ಹಾರಿ ಓಡುವ ಜಂಪ್ ರೇಸ್‌ಗಳಿಗೂ, ಅಂದರೆ ಹರ್ಡಲ್ (ಹಗುರ ತಡೆ) ಮತ್ತು ಸ್ಟೀಪಲ್‌ಚೇಸ್ (ದೊಡ್ಡ ಬೇಲಿ) ಓಟಗಳಿಗೂ ಅನ್ವಯಿಸಬಹುದೇ ಎಂದು ನೀವು ಕೇಳಿದ್ದೀರಿ. ಅನ್ವಯಿಸಬಹುದು. ಆದರೆ ಅಲ್ಲಿ ಒಂಟಿ ಅಂಕಿಗೆ ಬೆಲೆ ಕಡಿಮೆ. ಅದೇ ದಿನ, ಅದೇ ಟ್ರ್ಯಾಕಿನಲ್ಲಿ, ಅದೇ ದೂರಕ್ಕೆ ನಡೆದ ಇನ್ನೊಂದು ಓಟದ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದನ್ನು ನಂಬಬಹುದು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ನಡೆಯುವುದು ಸಮತಟ್ಟು ಓಟ. ಕುದುರೆಗಳು ಗೇಟಿನಿಂದ ಒಟ್ಟಿಗೆ ಹೊರಬೀಳುತ್ತವೆ, ದೂರವೂ ಬಹುಮಟ್ಟಿಗೆ ನಿಖರವಾಗಿರುತ್ತದೆ. ಜಂಪ್ ರೇಸ್‌ಗಳಲ್ಲಿ ಗೇಟ್ ಇಲ್ಲ. ಅಡ್ಡಲಾಗಿ ಕಟ್ಟಿದ ಪಟ್ಟಿಯ ಕಡೆಗೆ ಕುದುರೆಗಳು ನಡೆಯುತ್ತಲೋ ನಿಧಾನವಾಗಿ ಓಡುತ್ತಲೋ ಬರುವಾಗ ಪಟ್ಟಿ ಬಿಡುಗಡೆಯಾಗುತ್ತದೆ. ಆದ್ದರಿಂದ ಮೊದಲ ಫರ್ಲಾಂಗಿನ (ಸುಮಾರು 200 ಮೀಟರ್) ಸಮಯ ಓಟದಿಂದ ಓಟಕ್ಕೆ ಬದಲಾಗುತ್ತದೆ. ಹುಲ್ಲನ್ನು ಉಳಿಸಲು ರೇಲಿಂಗ್‌ಗಳನ್ನು ಆಗಾಗ ಸರಿಸುವುದರಿಂದ ಓಟದ ದೂರವೇ ಹಲವು ಗಜಗಳಷ್ಟು ಹೆಚ್ಚಬಹುದು. ಬರ್ಚ್ ಕಡ್ಡಿಗಳಿಂದ ಕಟ್ಟಿದ ಸ್ಟೀಪಲ್‌ಚೇಸ್ ಬೇಲಿಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಹರ್ಡಲ್‌ಗಳನ್ನಾದರೋ ಎತ್ತಿ ಬೇರೆ ಜಾಗದಲ್ಲಿ ನೆಡಬಹುದು. ಆದ್ದರಿಂದ ಜನವರಿಯಲ್ಲಿ ಕೊನೆಯಿಂದ ಮೂರನೆಯ ಹರ್ಡಲಿನಿಂದ ಅಳೆದ ಸಮಯವನ್ನು ಮಾರ್ಚ್ ತಿಂಗಳಿನದರೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ.

ಓಟದಲ್ಲಿ ವೇಗ ಹೇಗೆ ಹಂಚಿಕೆಯಾಯಿತೆಂದು ತಿಳಿಯುವ ಲೆಕ್ಕ ಸರಳವಾದದ್ದು. ಕೊನೆಯ ಭಾಗದ ವೇಗವನ್ನು ಇಡೀ ಓಟದ ಸರಾಸರಿ ವೇಗದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಊಹೆಗಾಗಿ 3,200 ಮೀಟರಿನ ಓಟವೊಂದು 240 ಸೆಕೆಂಡುಗಳಲ್ಲಿ ಮುಗಿಯಿತೆಂದುಕೊಳ್ಳಿ. ಸಮವೇಗದಲ್ಲಿ ಓಡಿದ್ದರೆ ಕೊನೆಯ 800 ಮೀಟರಿಗೆ 60 ಸೆಕೆಂಡು ಬೇಕು. ಗೆದ್ದ ಕುದುರೆ ಅದನ್ನು 57 ಸೆಕೆಂಡುಗಳಲ್ಲಿ ಮುಗಿಸಿದ್ದರೆ ಶೇಕಡಾ 105ರಷ್ಟಾಗುತ್ತದೆ. ಅಂದರೆ ಮೊದಲು ನಿಧಾನವಾಗಿ ಓಡಿ ಕೊನೆಯಲ್ಲಿ ಧಾವಿಸಿದ ಓಟ ಅದು. 63 ಸೆಕೆಂಡು ತೆಗೆದುಕೊಂಡಿದ್ದರೆ ಶೇಕಡಾ 95. ಮುಂದಿದ್ದವರು ಆರಂಭದಲ್ಲೇ ಶಕ್ತಿ ಸುರಿದಿದ್ದಾರೆ. ಆದರೆ ನೂರು ಎಂಬುದು ಎಲ್ಲ ಟ್ರ್ಯಾಕಿಗೂ ಒಂದೇ ಅರ್ಥ ಕೊಡುವ ಗೆರೆಯಲ್ಲ. ಇಂಗ್ಲೆಂಡಿನ ಎರಡು ರೇಸ್‌ಕೋರ್ಸ್‌ಗಳನ್ನೇ ನೋಡಿ: ಚೆಲ್ಟನ್‌ಹ್ಯಾಮಿನಲ್ಲಿ ಗುರಿಯ ಕಡೆಗಿನ ದಾರಿ ಏರುದಾರಿ, ಕೆಂಪ್ಟನ್ನಿನದು ಸಮತಟ್ಟು. ಎರಡೂ ಕಡೆ ಒಂದೇ ಶೇಕಡಾ ಬಂದರೆ ಚೆಲ್ಟನ್‌ಹ್ಯಾಮಿನ ಅಂಕಿಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ.

ಒಂದೇ ದಿನದ ಹೋಲಿಕೆ ಏಕೆ ಮುಖ್ಯವೆಂಬುದಕ್ಕೆ 2022ರ ಚೆಲ್ಟನ್‌ಹ್ಯಾಮ್ ಹಬ್ಬದ ಮೊದಲ ದಿನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಹೊಸಬರಿಗೆಂದು ನಡೆಯುವ ಸುಪ್ರೀಂ ನಾವಿಸಸ್ ಹರ್ಡಲ್ ಮತ್ತು ಚಾಂಪಿಯನ್ ಹರ್ಡಲ್ ಎರಡೂ ಅಲ್ಲಿನ ಓಲ್ಡ್ ಕೋರ್ಸ್ ಎಂಬ ಟ್ರ್ಯಾಕಿನಲ್ಲಿ, ಎರಡು ಮೈಲಿಗೆ ತುಸು ಮೇಲ್ಪಟ್ಟ ಒಂದೇ ದೂರಕ್ಕೆ ನಡೆಯುತ್ತವೆ. ಮೊದಲನೆಯದನ್ನು ಕಾನ್‌ಸ್ಟಿಟ್ಯೂಷನ್ ಹಿಲ್ ಎಂಬ ಕುದುರೆ 22 ಲೆಂತ್‌ಗಳಿಂದ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಗೆದ್ದಿತು. ಅದರ ಸಮಯ ಅದೇ ಮಧ್ಯಾಹ್ನ ಚಾಂಪಿಯನ್ ಹರ್ಡಲ್ ಗೆದ್ದ ಹನಿಸಕಲ್‌ನ ಸಮಯಕ್ಕಿಂತ ಸುಮಾರು ಆರು ಸೆಕೆಂಡು ಕಡಿಮೆಯಿತ್ತು. ಸೆಕೆಂಡಿಗೆ ಐದು ಲೆಂತ್ ಎಂದು ಹಿಡಿದರೆ ಮೂವತ್ತು ಲೆಂತ್‌ಗಳ ಅಂತರ! ಹೊಸಬ ಕುದುರೆಯೊಂದು ಚಾಂಪಿಯನ್ನಿಗಿಂತ ಅಷ್ಟು ಮೇಲು ಎಂದು ತೀರ್ಮಾನಿಸುವ ಮೊದಲು, ಆ ಆರು ಸೆಕೆಂಡುಗಳಲ್ಲಿ ಎಷ್ಟು ಕೊನೆಯಿಂದ ಮೂರನೆಯ ಹರ್ಡಲಿಗಿಂತ ಮುಂಚೆ ಹುಟ್ಟಿದವು, ಎಷ್ಟು ಆಮೇಲೆ ಎಂದು ಕೇಳಬೇಕು. ಸುಪ್ರೀಂನಲ್ಲಿ ಡೈಸರ್ಟ್ ಡೈನಮೊ ಎಂಬ ಕುದುರೆ ಬಿರುಸಾಗಿ ಮುನ್ನಡೆಸಿ ಅದೇ ಹರ್ಡಲಿನಲ್ಲಿ ಬಿದ್ದಿತ್ತು. ಆರಂಭದಲ್ಲಿ ಗಳಿಸಿದ ಸಮಯದ ಒಂದು ಪಾಲು ಆ ವೇಗಕ್ಕೆ ಸಲ್ಲಬೇಕು. ಅಂಥ ವೇಗದ ಬೆನ್ನುಹತ್ತಿಯೂ ಏರಿನಲ್ಲಿ ಉಳಿದವರಿಂದ ದೂರ ಸರಿದದ್ದು ಮಾತ್ರ ಕಾನ್‌ಸ್ಟಿಟ್ಯೂಷನ್ ಹಿಲ್‌ನ ಸ್ವಂತ ಸಂಪಾದನೆ. ಮರುವರ್ಷ ಅದು ಚಾಂಪಿಯನ್ ಹರ್ಡಲನ್ನು ಒಂಬತ್ತು ಲೆಂತ್‌ಗಳಿಂದ ಗೆದ್ದಿತು.

ಅಳೆಯುವುದು ಹೇಗೆಂದರೆ, ನಾನು ವೀಡಿಯೊವನ್ನು ಫ್ರೇಮ್ ಫ್ರೇಮಾಗಿ ನಿಲ್ಲಿಸಿ, ಮುಂದಿರುವ ಕುದುರೆ ಬೇಲಿಯ ಸಾಲನ್ನು ದಾಟುವ ಕ್ಷಣವನ್ನು ಗುರುತಿಸುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮಿನಲ್ಲಿ ಕುದುರೆ ಅರ್ಧ ಮೀಟರಿಗಿಂತ ಹೆಚ್ಚು ಚಲಿಸಿರುತ್ತದೆ. ಕ್ಯಾಮೆರಾ ಓರೆಯಾಗಿದ್ದರೆ ತಪ್ಪು ಇನ್ನೂ ದೊಡ್ಡದು. ಹೀಗಾಗಿ ಸೆಕೆಂಡಿನ ನೂರನೆಯ ಭಾಗದವರೆಗೆ ಬರೆದಿಡುವುದು ವ್ಯರ್ಥ ಆಡಂಬರ. ಹಿಂದಿನ ಕುದುರೆಗಳ ಅಂತರವನ್ನು ಲೆಂತ್‌ಗಳಲ್ಲಿ ಎಣಿಸಿ, ಒಳ್ಳೆಯ ನೆಲದಲ್ಲಿ ಸೆಕೆಂಡಿಗೆ ಐದು, ಕೆಸರಾದ ನೆಲದಲ್ಲಿ ನಾಲ್ಕು ಎಂದು ಪರಿವರ್ತಿಸಿದರೆ ಸಾಕು.

ಸಮಯ ಹೇಳದ ಸಂಗತಿಯೊಂದಿದೆ. ಪ್ರತಿ ಬೇಲಿಯಲ್ಲೂ ಒಂದು ಲೆಂತ್ ಕಳೆದುಕೊಂಡು, ನಡುವಿನ ಸಮತಟ್ಟಿನಲ್ಲಿ ಅದನ್ನು ಮತ್ತೆ ಗಳಿಸುವ ಕುದುರೆಯ ಸೆಕ್ಷನಲ್ ಅಚ್ಚುಕಟ್ಟಾಗಿ ಹಾರುವ ಕುದುರೆಯದರಷ್ಟೇ ಬರಬಹುದು. ಆದರೆ ಮೊದಲನೆಯದು ಪಟ್ಟ ಶ್ರಮ ಹೆಚ್ಚು. ಈ ಕಾರಣಕ್ಕಾಗಿ ಪ್ರತಿ ಹಾರಿಕೆಯ ಬಗ್ಗೆ ಒಂದು ಪದದ ಟಿಪ್ಪಣಿಯನ್ನು ಸಮಯದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಚಳಿಗಾಲದ ಇಳಿಬಿಸಿಲು ಕಣ್ಣಿಗೆ ರಾಚುತ್ತದೆಂದು ಕೆಲವೊಮ್ಮೆ ಬೇಲಿಗಳನ್ನೇ ಬಿಟ್ಟು ಓಡಿಸುವುದೂ ಉಂಟು. ಹಾರುವುದು ತಪ್ಪಿದ ಭಾಗ ಸಹಜವಾಗಿ ವೇಗವಾಗಿ ಮುಗಿಯುತ್ತದೆ. ಅಂಥ ಓಟಗಳ ಸೆಕ್ಷನಲ್‌ಗಳನ್ನು ನಾನು ಪಟ್ಟಿಗೆ ಸೇರಿಸುವುದೇ ಇಲ್ಲ.