"ಇದು ಲೆಕ್ಕಕ್ಕೆ ಬರುತ್ತಾ, ಮೇಡಂ?"

ಇಂಗ್ಲಿಷ್‌ನಲ್ಲಿ ನರ್ಸಿಂಗ್ ಓದುವ, ಆದರೆ ಮನೆಯಲ್ಲೂ ಬೀದಿಯಲ್ಲೂ ಇಂಗ್ಲಿಷ್ ಕಿವಿಗೆ ಬೀಳದ ಮಕ್ಕಳು ನನ್ನ ಹತ್ತಿರ ಆಪ್ತಸಲಹೆಗೆ ಆಗಾಗ ಬರುತ್ತಾರೆ. ಬಂದವರು ಯಾರೂ ಭಾಷೆಯ ವಿಷಯ ಎತ್ತುವುದಿಲ್ಲ. ನಿದ್ದೆ ಬರಲ್ಲ, ಓದಿದ್ದು ತಲೆಗೆ ಹತ್ತಲ್ಲ, ಕೋರ್ಸ್ ಬಿಟ್ಟುಬಿಡ್ತೀನಿ ಅನ್ನುತ್ತಾರೆ. ಈ ಹುಡುಗಿಯೂ ಹಾಗೇ ಬಂದಳು. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಎರಡನೇ ವರ್ಷದವಳು, ಶಾಲೆಯನ್ನು ತಾಯ್ನುಡಿಯಲ್ಲಿ ಮುಗಿಸಿದವಳು, ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಬಾಯಿ ಬಿಡದೆ ಕೂತು ಫೇಲಾದವಳು. ಇಷ್ಟು ಸಾಕು.

ಕಾಲೇಜಿನಿಂದ ಬಂದ ಚೀಟಿಯಲ್ಲಿ 'ಆತ್ಮವಿಶ್ವಾಸ ಕಡಿಮೆ' ಎಂದಿತ್ತು. ಹೀಗೆ ಬರೆದದ್ದು ಕಂಡರೆ ನನಗೆ ಸ್ವಲ್ಪ ಸಿಟ್ಟು. ಇಷ್ಟು ಬರೆದುಬಿಟ್ಟರೆ ಕಾರಣ ಹುಡುಕುವ ಕೆಲಸವೇ ಉಳಿಯುವುದಿಲ್ಲ. ವಾರ್ಡಿನಲ್ಲಿ ಇವಳಿಗೆ ಅಳುಕೇ ಇರಲಿಲ್ಲ. ರೋಗಿಗಳು ಇವಳನ್ನೇ ಕರೆಯುತ್ತಿದ್ದರು. ಅವರ ಮಾತೂ ಇವಳ ಮಾತೂ ಒಂದೇ ಅಲ್ವಾ.

ಒಂದು ದಿನ ಪಠ್ಯಪುಸ್ತಕ ತರಲು ಹೇಳಿದೆ. ವೈವಾದಲ್ಲಿ ಕೇಳಿದ್ದ ಪ್ರಶ್ನೆಯನ್ನೇ ನಾನೂ ಕೇಳಿದೆ: ಇನ್ಸುಲಿನ್ ಕೊಡುವ ಮೊದಲು ರಕ್ತದ ಸಕ್ಕರೆ ಯಾಕೆ ನೋಡಬೇಕು? ಇಂಗ್ಲಿಷ್‌ನಲ್ಲಿ ಶುರು ಮಾಡಿದಳು, ಎರಡನೇ ವಾಕ್ಯಕ್ಕೆ ನಿಂತುಬಿಟ್ಟಳು.

"ಬಿಡು, ರೋಗಿಯ ಮಗಳಿಗೆ ಹೇಳೋ ಹಾಗೆ ನನಗೆ ಹೇಳು" ಅಂದೆ.

ಆಮೇಲೆ ಅವಳನ್ನು ತಡೆಯುವುದೇ ಕಷ್ಟವಾಯಿತು. ಸಕ್ಕರೆ ಆಗಲೇ ಕಡಿಮೆ ಇದ್ದರೆ ಇನ್ಸುಲಿನ್ ಅದನ್ನು ಇನ್ನೂ ಇಳಿಸುತ್ತದೆ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಬೆವರು, ನಡುಕ, ಎದೆ ಬಡಿತ. ಇನ್ನೂ ಇಳಿದರೆ ಮಾತು ತೊದಲುತ್ತದೆ. ಕೆಲವರು ಸುಮ್ನೆ ಸಿಡುಕುತ್ತಾರೆ, ಮನೆಯವರು ಅದನ್ನು ಹಟ ಅಂದುಕೊಳ್ಳುತ್ತಾರೆ. ಎಚ್ಚರವಿದ್ದು ನುಂಗಲು ಆಗುವವರಿಗೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಉಸಿರಿನ ದಾರಿಗೆ ಹೋಗಿಬಿಡಬಹುದು. ಊಟ ತಡವಾಗುತ್ತದಾ ಅಂತ ಇನ್ಸುಲಿನ್ ಕೊಡುವ ಮೊದಲೇ ವಿಚಾರಿಸಬೇಕು.

ನಾನು ನರ್ಸ್ ಅಲ್ಲ. ಪುಸ್ತಕದ ಆ ಪುಟ ತೆರೆದಿಟ್ಟುಕೊಂಡು ತಾಳೆ ನೋಡುತ್ತಿದ್ದೆ. ಎಲ್ಲವೂ ಸರಿಯಾಗಿತ್ತು. ಮನೆಯವರು ಹಟ ಅಂದುಕೊಳ್ಳುವ ವಿಷಯ ಆ ಪುಟದಲ್ಲಿ ಇರಲೇ ಇಲ್ಲ. ಅದು ಅವಳು ವಾರ್ಡಿನಲ್ಲಿ ಕಂಡದ್ದು.

"ಪೂರ್ತಿ ಸರಿ" ಅಂದೆ.

"ಇದು ಲೆಕ್ಕಕ್ಕೆ ಬರುತ್ತಾ, ಮೇಡಂ?" ಅಂದಳು.

ತಮಾಷೆಗೆ ಕೇಳಿದ್ದಲ್ಲ. ಇಂಗ್ಲಿಷ್‌ನಲ್ಲಿ ಹೇಳಲು ಬಾರದ್ದು ತನಗೆ ಗೊತ್ತೇ ಇಲ್ಲ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಕೈ ಎತ್ತುತ್ತಿದ್ದ ಹುಡುಗಿ ಕಾಲೇಜಿಗೆ ಬಂದು ತನ್ನನ್ನು ದಡ್ಡಿ ಎಂದುಕೊಂಡಿದ್ದಳು. ನಿದ್ದೆ ಹಾರಿಹೋಗಲು ಇದಕ್ಕಿಂತ ಜಾಸ್ತಿ ಏನು ಬೇಕು?

ಮಾತುಕತೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂದು ಕೆನಡಾದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ವಿಂಗಡಿಸಿದ್ದರು. ವಲಸೆ ಬಂದ ಮಕ್ಕಳಿಗೆ ದಿನದ ಮಾತು ಸುಮಾರು 2 ವರ್ಷದಲ್ಲಿ ಹಿಡಿತಕ್ಕೆ ಸಿಕ್ಕರೂ ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕಾಗುತ್ತದೆ ಎಂದರು. ಅದೂ ಸುತ್ತಲೂ ಇಂಗ್ಲಿಷ್ ಕೇಳುತ್ತಿದ್ದ ಮಕ್ಕಳಿಗೆ. ನಮ್ಮ ಈ ಹುಡುಗಿಗೆ ಇಂಗ್ಲಿಷ್ ಸಿಗುವುದು ಕ್ಲಾಸಿನಲ್ಲಿ ಮಾತ್ರ, ನರ್ಸಿಂಗ್ ಕೋರ್ಸ್ ಮುಗಿಯುವುದು ಮೂರು–ನಾಲ್ಕು ವರ್ಷಕ್ಕೆ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಸಮಾಧಾನಕ್ಕೆ ಹೇಳುವ ಹತ್ತು ಮಾತಿಗಿಂತ ಇದೇ ಅವಳಿಗೆ ಜಾಸ್ತಿ ಹಿಡಿಸಿತು.

ಪಾಠವನ್ನು ಮೊದಲು ನಿನ್ನ ಮಾತಿನಲ್ಲೇ ಅರ್ಥ ಮಾಡಿಕೋ ಅಂದೆ. ಆಮೇಲೆ ಅದನ್ನೇ ಐದಾರು ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ ಜೋರಾಗಿ ಹೇಳು. ಉರು ಹೊಡೆಯಬೇಡ, ಉರು ಹೊಡೆದದ್ದು ಒಂದು ಕೊಂಡಿ ತಪ್ಪಿದರೆ ಪೂರ್ತಿ ಮರೆತುಹೋಗುತ್ತದೆ. ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸಲು ಎಸ್‌ಬಿಎಆರ್ ಕ್ರಮ ಇದೆ: ಈಗ ಏನಾಗಿದೆ, ಹಿಂದಿನ ಕಥೆ ಏನು, ನನಗೆ ಏನನ್ನಿಸುತ್ತದೆ, ಏನು ಆಗಬೇಕು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದದ್ದು ಇದು. ಮಾತಿನ ಹಾದಿ ಮೊದಲೇ ಗೊತ್ತಿರುವುದರಿಂದ ಇಂಥ ಮಕ್ಕಳಿಗೆ ತುಂಬಾ ಅನುಕೂಲ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಹೇಳಿದೆ. ಅರ್ಥವಾಗದೆ ತಲೆ ಆಡಿಸಬೇಡ. ಕ್ಲಾಸಿನಲ್ಲಿ ಅವಳಿಗೆ ಅದೇ ಅಭ್ಯಾಸವಾಗಿತ್ತು. ಕ್ಲಾಸಿನಲ್ಲಿ ಹೋಗುವುದು ಅಂಕ, ವಾರ್ಡಿನಲ್ಲಿ ಜೀವ. ಫೋನಿನಲ್ಲಿ 'ಫಿಫ್ಟೀನ್' ಅಂದದ್ದು 'ಫಿಫ್ಟಿ' ಎಂದು ಕೇಳುವುದು ಇಂಗ್ಲಿಷ್ ಮನೆಮಾತಿನವರಿಗೂ ಆಗುತ್ತದೆ. ಅದಕ್ಕೇ ಬರೆದುಕೊಂಡು ತಿರುಗಿ ಓದಿ ಹೇಳಬೇಕು, 'ಒನ್ ಫೈವ್' ಎಂದು ಅಂಕಿ ಬಿಡಿಸಿ ಹೇಳಬೇಕು ಎಂಬ ಪದ್ಧತಿ ಇರುವುದು. ಮತ್ತೆ ಕೇಳುವುದು ನರ್ಸಿನ ಕೆಲಸದ ಭಾಗವೇ. ನಾಚಿಕೆಪಡುವಂಥದ್ದು ಅದರಲ್ಲಿ ಏನಿದೆ?

ಅವಳ ಒಪ್ಪಿಗೆ ಪಡೆದು ಅಧ್ಯಾಪಕಿಯೊಬ್ಬರ ಹತ್ತಿರವೂ ಮಾತಾಡಿದೆ. ಅವರಿಗೆ ಬೇಸರವಾಗಿತ್ತು. "ನೀವು ಹೀಗೆ ಹೇಳಿದ್ರೆ ಅವಳು ಇಂಗ್ಲಿಷೇ ಬಿಟ್ಟುಬಿಡ್ತಾಳೆ. ನಾಳೆ ಹೊರದೇಶಕ್ಕೆ ಹೋಗಬೇಕು ಅಂದ್ರೆ?" ಅಂದರು. ಅವರ ಚಿಂತೆಯೂ ಸುಳ್ಳಲ್ಲ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7 ಅಂಕ ಕೇಳುತ್ತದೆ. ಆದರೆ ನಾನು ಇಂಗ್ಲಿಷ್ ಬಿಡು ಅಂದಿರಲಿಲ್ಲ. ವಿಷಯ ಗೊತ್ತಿದೆ ಎಂಬ ಧೈರ್ಯ ಇದ್ದವರು ಭಾಷೆ ಕಲಿಯುತ್ತಾರೆ. ಎರಡೂ ಇಲ್ಲ ಎಂದುಕೊಂಡವರು ಕೋರ್ಸ್ ಬಿಟ್ಟು ಹೋಗುತ್ತಾರೆ, ಆಗ ಐಇಎಲ್‌ಟಿಎಸ್ ಬರೆಯುವವರು ಯಾರು?

ವೈವಾದಲ್ಲಿ ವಿಷಯಕ್ಕೂ ಭಾಷೆಗೂ ಬೇರೆ ಬೇರೆ ಅಂಕ ಕೊಡಿ ಎಂದು ಕೇಳಿದೆ. ಅದು ತಮ್ಮ ಕೈಯಲ್ಲಿಲ್ಲ ಅಂದರು. ಉತ್ತರಕ್ಕೆ ಮೊದಲು ಒಂದು ನಿಮಿಷ ಯೋಚಿಸಲು ಬಿಡಲು ಮಾತ್ರ ಒಪ್ಪಿದರು. ಮುಂದಿನ ವೈವಾದಲ್ಲಿ ಹುಡುಗಿ ಪಾಸಾದಳು, ಅಂಕವೇನೂ ಜಾಸ್ತಿ ಬಂದಿಲ್ಲ. ಬರೆಯುವ ಪರೀಕ್ಷೆ ಈಗಲೂ ಕಷ್ಟವೇ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಭಾಷೆ ಕಲಿಸುವವರ ಹತ್ತಿರ ಕಳಿಸಿದ್ದೇನೆ.