ಶ್ರೀರಂಗಪಟ್ಟಣದ ಮುತ್ತಿಗೆಯ ನಾಟಕಕ್ಕೆ ಮರದಲ್ಲಿ ಚಕಮಕಿ ಬಂದೂಕು ಮಾಡಿದರೆ ದಪ್ಪ ದೊಣ್ಣೆಯಂತೆ ಕಾಣುತ್ತೆ. ಅಳತೆ ಹೇಗಿರಬೇಕು?

1799ರ ಶ್ರೀರಂಗಪಟ್ಟಣದ ಮುತ್ತಿಗೆಯ ನಾಟಕ ಅಂದಿದ್ದೀರಿ. ಹಾಗಾದರೆ ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿನ ‘ಇಂಡಿಯಾ ಪ್ಯಾಟರ್ನ್’ ಅಳತೆ ಹಿಡಿಯಿರಿ. ಅದರ ಬ್ಯಾರಲ್ 39 ಇಂಚು, ಒಟ್ಟು ಉದ್ದ ಸುಮಾರು 55 ಇಂಚು. ಉಳಿದ 16 ಇಂಚಿನಲ್ಲಿ ಬಟ್‌ನ (ಹೆಗಲಿಗೆ ಒತ್ತುವ ಹಿಂಭಾಗದ) ತುದಿಯಿಂದ ಕುದುರೆವರೆಗೆ (ಬೆರಳಿನಿಂದ ಎಳೆಯುವ ಟ್ರಿಗರ್) ಹದಿಮೂರೂವರೆ, ಕುದುರೆಯಿಂದ ಬ್ಯಾರಲ್‌ನ ಹಿಂತುದಿಗೆ ಎರಡೂವರೆ ಕೊಡಿ. ನಟ ಕುಳ್ಳಗಿದ್ದಾನೆಂದು ಬ್ಯಾರಲ್ ಕತ್ತರಿಸಬೇಡಿ. ಆ ಕಾಲದ ಬಂದೂಕಿನ ಗತ್ತೆಲ್ಲ ಉದ್ದದಲ್ಲೇ ಇದೆ. ಬೇಕಿದ್ದರೆ ಬಟ್‌ನಲ್ಲಿ ಅರ್ಧ ಇಂಚು ಕಡಿಮೆ ಮಾಡಿ.

ನಿಮ್ಮದು ದೊಣ್ಣೆಯಂತೆ ಕಾಣಲು ಕಾರಣ ಎರಡು. ಮೊದಲನೆಯದು, ಬ್ಯಾರಲ್ ಹಿಂದಿನಿಂದ ಮುಂದಿನವರೆಗೂ ಒಂದೇ ದಪ್ಪ ಇರೋದು. ಹಿಂತುದಿಯಲ್ಲಿ 36 ಮಿ.ಮೀ., ಬಾಯಲ್ಲಿ 24 ಇರಲಿ. ಇಳಿಜಾರು ಒಂದೇ ಸಮನಾಗಿ ಬೇಡ: ಹಿಂದಿನಿಂದ 13 ಇಂಚು ಬರುವಷ್ಟರಲ್ಲೇ 29ಕ್ಕೆ ಇಳಿಯಬೇಕು, ಅಲ್ಲಿಂದ ಮುಂದೆ ನಿಧಾನ. ಮೊದಲು ಚೌಕವಾಗಿಯೇ ಈ ಇಳಿಜಾರು ತನ್ನಿ. ಆಮೇಲೆ ಪ್ರತಿ ಮುಖವನ್ನೂ 7:10:7ರಂತೆ ಮೂರು ಪಾಲು ಮಾಡಿ ಗೆರೆ ಎಳೆಯಿರಿ. ಹಿಂತುದಿಯಲ್ಲಿ ಅದು 10.5, 15, 10.5 ಮಿ.ಮೀ.; ಬಾಯಲ್ಲಿ ಸರಿಯಾಗಿ 7, 10, 7. ಗೆರೆವರೆಗೆ ಮೂಲೆಗಳನ್ನು ಉಜ್ಜುಗೊರಡಿನಿಂದ ತೆಗೆದರೆ ಎಂಟು ಮುಖ ಸಮನಾಗಿ ಬರುತ್ತೆ. ಆಮೇಲೆ ದುಂಡಗೆ ಮಾಡೋದು ಉಪ್ಪುಕಾಗದದ ಕೆಲಸ. ಇಷ್ಟು ಉದ್ದದ ತೆಳು ಕೋಲನ್ನು ಲೇತಿಗೆ ಹಾಕಿದರೆ ನಡುವೆ ಬಳುಕಿ ಅದುರುತ್ತೆ, ಕೈಕೆಲಸವೇ ವಾಸಿ.

ಬ್ಯಾರಲ್ ಗಟ್ಟಿ ಮರದ್ದೇ ಇರಲಿ, ಕಬ್ಬಿಣದ ಪೈಪ್ ಖಂಡಿತ ಬೇಡ. ಬಾಯಲ್ಲಿ 19 ಮಿ.ಮೀ. ತೂತನ್ನು ಎರಡು ಇಂಚು ಆಳಕ್ಕೆ ಕೊರೆದು ಒಳಗೆ ಕಪ್ಪು ಬಳಿದರೆ ಸಾಕು. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸೋದೂ, ಮಾದರಿ ಬಂದೂಕನ್ನು ಹಾರುವಂತೆ ಮಾಡೋದೂ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಪೈಪ್ ಹಾಕಿದರೆ ನೋಡಿದವರಿಗೆ ಅನುಮಾನ ಬರೋದು ಸಹಜ.

ಎರಡನೇ ಕಾರಣ, ಸ್ಟಾಕ್‌ನಲ್ಲಿ (ಬ್ಯಾರಲ್ ಕೂರುವ, ಬಟ್ ಸೇರಿದ ಮರದ ಭಾಗ) ಮರ ಜಾಸ್ತಿ ಉಳಿಸೋದು. ಮರ ಬ್ಯಾರಲ್‌ನ ಅರ್ಧ ಎತ್ತರದವರೆಗೆ ಮಾತ್ರ ಬರಬೇಕು, ಮೇಲಂಚು 3 ಮಿ.ಮೀ.ಗಿಂತ ದಪ್ಪ ಬೇಡ. ಬ್ಯಾರಲ್‌ಗೂ ಕೆಳಗಿನ ಗಜಕ್ಕೂ (ಮದ್ದು ಗಿಡಿಯುವ ಕೋಲು) ನಡುವೆ 3 ಮಿ.ಮೀ. ಮರ, ಗಜ 8 ಮಿ.ಮೀ. ಸ್ಟಾಕ್ ಬಾಯಿಗಿಂತ ನಾಲ್ಕು ಇಂಚು ಹಿಂದೆಯೇ ನಿಲ್ಲಲಿ, ಅದು ಬಯನೆಟ್ ಕೂರುವ ಜಾಗ. ಬಟ್‌ನ ಮೇಲ್ತುದಿ ಬ್ಯಾರಲ್ ಗೆರೆಗಿಂತ ಎರಡೂವರೆ ಇಂಚು ಕೆಳಗಿರಬೇಕು. ಇದನ್ನು ಬಿಟ್ಟರೆ ನಟ ಗುರಿ ಹಿಡಿದಾಗ ಕೆನ್ನೆ ತಾಗೋದೇ ಇಲ್ಲ, ಕತ್ತು ಸೊಟ್ಟಗಾಗುತ್ತೆ.

ಸ್ಟಾಕ್‌ಗೆ ಹಲಗೆ 52 ಇಂಚು ಉದ್ದ, 8 ಅಗಲ, 2 ದಪ್ಪ. ಮಂಡ್ಯ, ಮೈಸೂರಿನ ಸಾಮಿಲ್‌ಗಳಲ್ಲಿ ಹೆಬ್ಬೇವು ಅಗ್ಗಕ್ಕೆ ಸಿಗಬಹುದು, ಹಗುರವೂ ಹೌದು. ಆದರೆ ಕೈ ಹಿಡಿಯುವ ಕತ್ತಿನ ಭಾಗದಲ್ಲಿ ಅದನ್ನು ನಂಬಬೇಡಿ. ತೇಗ ಅಥವಾ ಒಣಗಿದ ಹಲಸು ತಗೊಳ್ಳಿ. ಬೀಟೆ ಇಷ್ಟಕ್ಕೆ ದುಬಾರಿ, ಭಾರ ಕೂಡ. ಕತ್ತು ಮುರಿಯೋದು ಎಳೆ ಅಡ್ಡ ಹಾಯುವುದರಿಂದ: ಹಲಗೆಯ ಎಳೆ ನೇರ, ಕತ್ತು ಇಳಿಜಾರು. ಬುಡದ ಕಡೆಯ ಹಲಗೆಯಲ್ಲಿ ಎಳೆ ತಾನೇ ಬಾಗಿರುತ್ತೆ, ಸಿಕ್ಕರೆ ಬಟ್‌ಗೆ ಅದೇ ತುದಿ. ಸಿಗದಿದ್ದರೆ ಬ್ಯಾರಲ್ ಗಾಡಿಯ (ಬ್ಯಾರಲ್ ಕೂರಲು ಸ್ಟಾಕ್‌ನಲ್ಲಿ ತೋಡುವ ಕಾಲುವೆ) ಹಿಂತುದಿಯಿಂದ ಬಟ್‌ನೊಳಕ್ಕೆ ಓರೆಯಾಗಿ 8 ಮಿ.ಮೀ. ತೂತು ಕೊರೆದು ತೇಗದ ಗೂಟಕ್ಕೆ ಅಂಟು ಹಚ್ಚಿ ಹೊಡೆಯಿರಿ. ನಾಟಕದಲ್ಲಿ ಬಂದೂಕು ಬಿದ್ದೇ ಬೀಳುತ್ತೆ, ಈ ಗೂಟ ಬಿಡಬೇಡಿ.

ಹೊರಗಿನ ಆಕಾರ ಕೆತ್ತುವ ಮೊದಲೇ ಬ್ಯಾರಲ್ ಗಾಡಿ ತೋಡಿ ಮುಗಿಸಿ. ಬದಿಗಳು ಚಪ್ಪಟೆ ಇರುವಾಗಷ್ಟೇ ಹಲಗೆ ಅಲುಗದೆ ಕೂರುತ್ತೆ, ನಡುಗೆರೆ ತಪ್ಪೋದಿಲ್ಲ.

ಚಕಮಕಿ ಯಂತ್ರದ ತಟ್ಟೆ ಏಳು ಇಂಚಿನೊಳಗಿರಲಿ. ಮದ್ದಿನ ಬಟ್ಟಲು ಬ್ಯಾರಲ್‌ನ ಹಿಂತುದಿಗೆ ಸ್ವಲ್ಪ ಮುಂದೆ ಬರಬೇಕು. ಇಡೀ ತಟ್ಟೆಯನ್ನು ಕುದುರೆಯ ಮೇಲಕ್ಕೆ ತಳ್ಳಿಬಿಟ್ಟರೆ ಕಿಡಿ ಬೀಳುವ ಜಾಗದಲ್ಲಿ ಬ್ಯಾರಲ್ಲೇ ಇರೋದಿಲ್ಲ, ತಿಳಿದವರಿಗೆ ಕೂಡಲೇ ಗೊತ್ತಾಗುತ್ತೆ.

ಬಣ್ಣಕ್ಕೆ ಬಂದರೆ, ಬ್ಯಾರಲ್‌ಗೆ ಕಪ್ಪು ಹಚ್ಚಬೇಡಿ. ಆಗಿನ ಕಂಪನಿ ಬಂದೂಕು ಉಜ್ಜಿ ಹೊಳೆಯುವಂತೆ ಇಡುತ್ತಿದ್ದರು, ಬೆಳ್ಳಿಬೂದು ಸರಿ. ಟಿಪ್ಪು ಕಡೆಯವರಿಗೆ ಒಂದೆರಡು ಬೇಕಾದರೆ ಬ್ಯಾರಲ್ ಮೇಲೆ ಹುಲಿಪಟ್ಟೆ ಬರೆಯಿರಿ, ಅವನ ಕಾರ್ಖಾನೆಯ ಬಂದೂಕುಗಳ ಗುರುತೇ ಅದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಪೊಲ್ಲಿಲೂರು ಯುದ್ಧದ ಚಿತ್ರವನ್ನು ಉಡುಪು, ಸಾಲು ನಿಲ್ಲುವ ರೀತಿಗೆ ನೋಡಿ, ಅಳತೆಗೆ ಬೇಡ.