ಒಂದೇ ಹೆಸರಿನ ಮೂವರು, ಮುತ್ತಜ್ಜ ಯಾರು?

ಪ್ರಶ್ನೆ: ನನ್ನ ಅತ್ತೆಯವರು ಸ್ಕಾಟ್ಲೆಂಡಿನವರು. ಅವರ ಮುತ್ತಜ್ಜ ಜಾನ್ ಸ್ಮಿತ್ ಅಬರ್ಡೀನ್‌ಶೈರ್‌ನ ಫೈವಿ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಹೊಲದ ಆಳಾಗಿದ್ದರಂತೆ. ಹುಟ್ಟಿದ್ದು 1840ರ ಸುಮಾರಿಗೆ, ತೀರಿಕೊಂಡಿದ್ದು 1902ರಲ್ಲಿ. ಹಳೇ ಚರ್ಚ್ ರಿಜಿಸ್ಟರುಗಳಲ್ಲಿ ಅದೇ ಹೆಸರಿನ ಮೂರು ಮಕ್ಕಳು ಸಿಕ್ಕಿದ್ದಾರೆ. ನಮ್ಮವರನ್ನು ಗುರುತಿಸೋದು ಹೇಗೆ?
– ಓದುಗರೊಬ್ಬರು, ಅಬರ್ಡೀನ್

ಉತ್ತರ: ಆ ಮೂವರನ್ನೂ ಸದ್ಯಕ್ಕೆ ಬದಿಗಿಡಿ. ಹುಟ್ಟಿನಿಂದ ಹುಡುಕಲು ಹೊರಟರೆ ಹೀಗೇ ಗೊಂದಲವಾಗುತ್ತದೆ. ಸಾವಿನಿಂದ ಹಿಂದಕ್ಕೆ ಬನ್ನಿ.

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರ ಜನವರಿ 1ರಂದು. ಅಲ್ಲಿನ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಿನ ಜೊತೆ ತಾಯಿಯ ಹೆಸರು, ಆಕೆಯ ತವರಿನ ಮನೆತನದ ಹೆಸರೂ ಇರುತ್ತದೆ. ಅದೇ ಕಾಲದ ಇಂಗ್ಲೆಂಡಿನ ದಾಖಲೆಯಲ್ಲಿ ಇದು ಸಿಗೋದಿಲ್ಲ. ಜಾನ್ ಸ್ಮಿತ್‌ಗಳು ಎಷ್ಟೇ ಇರಲಿ, ನಿಮ್ಮ ಜಾನ್‌ನನ್ನು ಹಿಡಿದುಕೊಡುವವಳು ಆ ತಾಯಿ. 1902ರ ದಾಖಲೆಯನ್ನು ಸರ್ಕಾರದ ಸ್ಕಾಟ್ಲೆಂಡ್ಸ್‌ಪೀಪಲ್ ವೆಬ್‌ಸೈಟಿನಲ್ಲಿ ತೆಗೆಯಿರಿ.

ಅದರಲ್ಲಿ ಮಾಹಿತಿ ಕೊಟ್ಟವರ ಸಹಿ ಇರುವ ಕಾಲಂ ತಪ್ಪದೇ ನೋಡಿ. ಅಲ್ಲಿ ಅಳಿಯನ ಹೆಸರಿದ್ದರೆ ಸ್ವಲ್ಪ ಹುಷಾರು. ಮಾವನ ತಾಯಿಯ ತವರು ಯಾವುದು ಅಂತ ಅಳಿಯನಿಗೆ ಎಲ್ಲಿ ಗೊತ್ತಿರುತ್ತದೆ, ಅಲ್ವಾ? ಹಾಗಾಗಿ ಮದುವೆಯ ದಾಖಲೆಯನ್ನೂ ತೆಗೆಯಿರಿ. ಅದರಲ್ಲೂ ತಾಯಿಯ ಹೆಸರಿರುತ್ತದೆ, ಹೇಳಿದವನು ಸ್ವತಃ ಮದುಮಗ. ನಾನು ಜಾಸ್ತಿ ನಂಬುವುದು ಇದನ್ನೇ.

ಆಮೇಲೆ 1851ರ ಜನಗಣತಿ. ಆಗ ಹುಡುಗನಿಗೆ ಹತ್ತು ಹನ್ನೊಂದು ವರ್ಷ. ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು, ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದ್ದು, ಎರಡೂ ಅಲ್ಲಿ ಬರೆದಿರುತ್ತದೆ. 1841ರ ಗಣತಿಯಲ್ಲಿ ಇವೆರಡೂ ಇಲ್ಲ. ಫೈವಿಯೊಂದನ್ನೇ ನೋಡಿ ಸುಮ್ನಾಗಬೇಡಿ. ಆ ಕಡೆ ಮದುವೆಯಾಗದ ಆಳುಗಳನ್ನು ಮೇ ಮತ್ತು ನವೆಂಬರ್‌ನಲ್ಲಿ, ಆರಾರು ತಿಂಗಳಿಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಸಂಬಳ ಸಿಕ್ಕ ಕಡೆ ಪೆಟ್ಟಿಗೆ ಹೊತ್ತು ಹೋಗುವ ಬದುಕು. ಪಕ್ಕದ ಆಖ್ಟರ್‌ಲೆಸ್, ಮೆಥ್ಲಿಕ್ ಪ್ಯಾರಿಷ್‌ಗಳಲ್ಲೂ ಹುಡುಕಿ.

ಆ ಮೂವರಲ್ಲಿ ಯಾರೂ ನಿಮ್ಮವರಲ್ಲದೇ ಇರಬಹುದು. 1855ಕ್ಕೆ ಮೊದಲು ಎಷ್ಟೋ ಮಕ್ಕಳ ಹೆಸರು ಚರ್ಚಿನ ಪುಸ್ತಕಕ್ಕೆ ಏರಲೇ ಇಲ್ಲ.

ಇನ್ನೊಂದು ಮಾತು. ದಾಖಲೆಯಲ್ಲಿ ತಂದೆಯ ಜಾಗ ಖಾಲಿ ಇದ್ದರೆ ಗಾಬರಿಯಾಗಬೇಡಿ. ಮದುವೆಯಾಗದೆ ಮಕ್ಕಳಾಗುವುದು ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ ತುಂಬಾ ಸಾಮಾನ್ಯವಾಗಿತ್ತು. ಆಗ ಕಿರ್ಕ್ ಸೆಶನ್ ಪುಸ್ತಕ ತೆರೆಯಿರಿ. ಪಾದ್ರಿ ಮತ್ತು ಚರ್ಚಿನ ಹಿರಿಯರು ಕೂತು ನಡೆಸುತ್ತಿದ್ದ ಪಂಚಾಯ್ತಿ ಅದು. ಬಸುರಿ ಹುಡುಗಿಯನ್ನು ಕರೆಸಿ, ತಂದೆ ಯಾರು ಅಂತ ಕೇಳಿ, ಅವಳು ಹೇಳಿದ ಹೆಸರನ್ನು ಬರೆದಿಡುತ್ತಿದ್ದರು. ಎಷ್ಟೋ ಪ್ಯಾರಿಷ್‌ಗಳ ಪುಸ್ತಕಗಳು ಅದೇ ವೆಬ್‌ಸೈಟಿನಲ್ಲಿವೆ. ಆದರೆ ಹೆಸರು ಹಾಕಿ ಹುಡುಕಲು ಆಗೋದಿಲ್ಲ, ಒಂದೊಂದೇ ಪುಟ ತಿರುಗಿಸಬೇಕು. ಮಗು ಹುಟ್ಟುವ ಆರು ತಿಂಗಳ ಹಿಂದಿನಿಂದ ಶುರು ಮಾಡಿ.

ಅಲ್ಲಿನ ಮಾತುಗಳು ಕಠಿಣವಾಗಿರುತ್ತವೆ. ಗಂಡಸರೇ ತುಂಬಿದ ಸಭೆಯ ಮುಂದೆ ಒಬ್ಬಳೇ ನಿಂತು ಉತ್ತರ ಕೊಟ್ಟ ಹುಡುಗಿ ನಿಮ್ಮ ಅತ್ತೆಯವರ ವಂಶದ ತಾಯಿಯೇ ಆಗಿರಬಹುದು. ಅವರಿಗೆ ತೋರಿಸುವ ಮುಂಚೆ ನೀವೊಮ್ಮೆ ಪೂರ್ತಿ ಓದಿಕೊಳ್ಳಿ. ಓದಿ ಹೇಳುವಾಗ ಪಕ್ಕದಲ್ಲೇ ಕೂತಿರಿ.